ರೋಲಿಗೆ ಹನ್ನೆರಡು ಮುಖ

ಒಂದು ರೋಲಿಗೆ ಹನ್ನೆರಡೇ ಫೋಟೊ. ಹದಿಮೂರನೆಯದು ಬೇಕೆಂದರೂ ಇಲ್ಲ. ನಮ್ಮ ಕಾಲದ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾಕ್ಕೆ 120ರ ರೋಲು ಹಾಕಿ, ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಅಂಕಿ ಮೂಡುವ ತನಕ ತಿರುಗಿಸುತ್ತಿದ್ದೆವು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಅದರಾಚೆ ಆ ಕ್ಯಾಮೆರಾಕ್ಕೆ ಏನೂ ತಿಳಿಯದು, ಉಳಿದದ್ದನ್ನೆಲ್ಲ ನಾವೇ ಕಣ್ಣಳತೆಯಲ್ಲಿ ನಿಭಾಯಿಸಬೇಕು. ಸಾಗರದ ಸುತ್ತಮುತ್ತಲ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನಾನು ಸಂಬಳದಲ್ಲಿ ಮಿಗಿಸಿದ್ದನ್ನೆಲ್ಲ ಸುರಿದದ್ದು ಈ ಹವ್ಯಾಸಕ್ಕೇ. ಜೋಗದ ಫೋಟೊ ತೆಗೆಯುವವರು ಬೇಕಾದಷ್ಟು ಜನ ಇದ್ದರು. ನನಗೆ ಬೇಕಾಗಿದ್ದು ಮನುಷ್ಯರ ಮುಖ.

ಇರುವುದು ಹನ್ನೆರಡೇ ಎಂದಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ, ಕಣ್ಣು ಚುರುಕಾಗುತ್ತದೆ. ಒಬ್ಬ ಅಜ್ಜನ ಫೋಟೊ ತೆಗೆಯಬೇಕೆಂದರೆ ಮೊದಲು ಅವನ ಜಗಲಿಯಲ್ಲಿ ಕೂತು, ಕವಳ ಹಾಕಿ, ಅಡಿಕೆಯ ಕೊಳೆರೋಗದಿಂದ ಹಿಡಿದು ಮಗಳ ಬಾಣಂತನದವರೆಗೆ ಎಲ್ಲ ಕೇಳಿಸಿಕೊಂಡು, ಬೆಳಕು ಕೆನ್ನೆಯ ಮೇಲೆ ಬರುವ ಹೊತ್ತಿಗಾಗಿ ಕಾಯುತ್ತಿದ್ದೆ. ಮಲೆನಾಡಿನ ಮೋಡದ ಬೆಳಕಿಗಿಂತ ಮುಖಕ್ಕೆ ಒಪ್ಪುವ ಬೆಳಕಿಲ್ಲ. ನೆರಳು ಗಡುಸಾಗುವುದಿಲ್ಲ, ಸುಕ್ಕುಗಳೂ ಮೆತ್ತಗೆ ಕಾಣುತ್ತವೆ. ಅದೇ ಮಳೆಗಾಲ ಲೆನ್ಸಿಗೂ ನೆಗೆಟಿವ್‌ಗೂ ಬೂಷ್ಟು ಹಿಡಿಸುತ್ತಿತ್ತು. ಹುರಿದ ಅಕ್ಕಿಯ ಗಂಟಿನ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅವನ್ನು ಕಾಪಾಡಿಕೊಂಡೆ. ಮುಂದೆ ಕೈಗೆ ಬಂದ ಯಾಶಿಕಾ ಮ್ಯಾಟ್ ಎರಡು ಲೆನ್ಸಿನದು. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಮೇಲಿನಿಂದ ನೋಡಬೇಕು. ಎದುರು ಕೂತವರಿಗೆ ತಲೆಬಾಗದೆ ಫೋಟೊ ತೆಗೆಯುವಂತೆಯೇ ಇರಲಿಲ್ಲ.

ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಬಚ್ಚಲುಮನೆಯೇ ಡಾರ್ಕ್‌ರೂಮು. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಹಳೆ ಪಂಚೆ. ಮೆಟಾಲ್, ಹೈಡ್ರೋಕ್ವಿನೋನ್ ಬೆರೆಸಿದ ಡೆವಲಪರ್ 20 ಡಿಗ್ರಿಯ ಹದದಲ್ಲಿರಬೇಕು. ಚಳಿಗಾಲದಲ್ಲಿ ಹಂಡೆಯ ಬಿಸಿನೀರಿನ ಬೋಗುಣಿಯಲ್ಲಿ ಟ್ರೇ ಇಳಿಸಿ ಅದನ್ನು ಬೆಚ್ಚಗಾಗಿಸುತ್ತಿದ್ದೆ. ಎನ್‌ಲಾರ್ಜರಿನ ಬೆಳಕು ಕುಡಿದ ಬಿಳಿ ಕಾಗದವನ್ನು ಅದರಲ್ಲಿ ಮುಳುಗಿಸಿ ಅಲ್ಲಾಡಿಸಿದರೆ, ಕೆಂಪು ಬಲ್ಬಿನಡಿ ಮೊದಲು ಕೂದಲು, ಹುಬ್ಬು, ಕಣ್ಣಾಲಿ ಮೂಡುತ್ತಿದ್ದವು. ಆಮೇಲೆ ಮೂಗಿನ ಪಕ್ಕದ ನೆರಳು. ಕಟ್ಟಕಡೆಗೆ ಕೆನ್ನೆ. ಎಷ್ಟು ಸಲ ಕಂಡರೂ ಪ್ರತಿ ಸಲವೂ ಎದೆ ಡವಗುಟ್ಟುತ್ತಿತ್ತು. ಹೈಪೋದ ಹುಳಿ ವಾಸನೆ ಬೆಳಗ್ಗೆ ಪಾಠ ಮಾಡುವಾಗಲೂ ಬೆರಳಲ್ಲಿ ಇರುತ್ತಿತ್ತು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ನಮ್ಮಂಥ ಹವ್ಯಾಸಿಗಳಿಗೆ ಗುರುವಿನಂತಿದ್ದವರು. ಗಣ್ಯರನ್ನು ಸೆರೆಹಿಡಿದ ಅವರ ಕ್ಯಾಮೆರಾ ಬೀದಿಯ ಮಕ್ಕಳನ್ನೂ ದುಡಿಯುವವರನ್ನೂ ಅಷ್ಟೇ ಆದರದಿಂದ ನೋಡಿತು. ಎ.ಎನ್. ಮುಕುಂದ್ ತೆಗೆದ ಕನ್ನಡ ಲೇಖಕರ ಭಾವಚಿತ್ರಗಳಲ್ಲೂ ಅದೇ ತಾಳ್ಮೆಯಿದೆ. ನಮ್ಮೂರಿಗೆ ಆ ತಾಳ್ಮೆ ಬರುತ್ತಿದ್ದುದು ಮಾರಿಕಾಂಬಾ ಜಾತ್ರೆಯಲ್ಲಿ. ಮೂರು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯ ಸ್ಟುಡಿಯೊದಲ್ಲಿ ಗೋಡೆಗೊಂದು ಕನ್ನಡಿ, ದಾರದಲ್ಲಿ ನೇತುಬಿಟ್ಟ ಬಾಚಣಿಗೆ, ಪೌಡರ್ ಡಬ್ಬಿ, ತಾಜಮಹಲಿನ ಪರದೆ. ಹೊಸದಾಗಿ ಮದುವೆಯಾದವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಫೋಟೊ ಹೇಗೆ ಬಂದಿದೆ ಎನ್ನುವುದು ಕವರು ಕೈಗೆ ಬರುವವರೆಗೆ ಯಾರಿಗೂ ಗೊತ್ತಿರಲಿಲ್ಲ.

ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದವರೂ ಬಹಳ ಮಂದಿ. ಒಂದು ಸಂಜೆ ಹಳ್ಳಿಯಿಂದ ಬಂದ ಗೃಹಸ್ಥರು ಬಾಗಿಲಲ್ಲೇ ನಿಂತು ಕೇಳಿದರು: “ಮಾಷ್ಟ್ರೇ, ಅಮ್ಮ ಹೋಗ್ಬಿಟ್ಲು. ಅವಳ್ದೊಂದು ಫೋಟ ನಿಮ್ಮತ್ರ ಇರಬೌದ?” ಡಬ್ಬಿಗಳನ್ನೆಲ್ಲ ಜಾಲಾಡಿದೆ. ಯಾವುದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಸೆರಗು ಹೊದ್ದು ನಿಂತ ಆಕೆಯ ಮುಖ ನೆಗೆಟಿವ್‌ನಲ್ಲಿ ಕಡಲೆಬೇಳೆಯಷ್ಟೂ ಇರಲಿಲ್ಲ. ಅದನ್ನೇ ಹಿಗ್ಗಿಸಿದೆ. ಕಾಗದದ ತುಂಬ ಮರಳು ಮರಳಾದ ಚುಕ್ಕಿ, ಅದರ ನಡುವೆ ಎರಡು ಕಣ್ಣು. ಮಗ ಬಹಳ ಹೊತ್ತು ನೋಡಿ, “ಅಮ್ಮ ನೋಡ್ತಿದ್ದಿದ್ದೇ ಹಿಂಗೆ” ಎಂದರು. ಇಡೀ ಬಾಳಿನಲ್ಲಿ ಆಕೆಗಿದ್ದದ್ದು ಅದೊಂದೇ ಫೋಟೊ.

ಇವತ್ತು ಅಂಥ ತಾಯಿ ಫೋಟೊ ಇಲ್ಲದೆ ಕಣ್ಮರೆಯಾಗುವುದಿಲ್ಲ. ಮೊಬೈಲು ಮಾಡಿದ ಈ ಉಪಕಾರ ಸಣ್ಣದಲ್ಲ. ಬಡವರ ಮನೆಯ ಕೂಸಿನ ಮೊದಲ ನಗುವೂ ಈಗ ದಾಖಲಾಗುತ್ತದೆ. ಆದರೆ ಆ ನಗು ಸಾವಿರದೊಳಗೆ ಒಂದಾಗಿ ಕೆಳಗೆ ಸರಿಯುತ್ತದೆ, ಮೊಬೈಲು ಕೆಟ್ಟ ದಿನ ಅದರ ಜೊತೆಗೇ ಹೋಗುತ್ತದೆ. ತೆಗೆಯುವುದು ಸುಲಭವಾದಷ್ಟೂ ನೋಡುವುದು ಕಡಿಮೆಯಾಯಿತು. ನಾವು ಆಸೆಪಟ್ಟು ಕೊಳ್ಳುತ್ತಿದ್ದ ಪೂರ್ವ ಜರ್ಮನಿಯ ಓರ್ವೋ ಫಿಲ್ಮು ನಮ್ಮೂರ ಅಂಗಡಿಗಳಿಂದ ಮಾಯವಾಯಿತು. ‘ಇಂದು’ ಫಿಲ್ಮು ಮಾಡುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಮುಚ್ಚಿತು. ಕೊಡಾಕ್ ಕಂಪನಿ 2009ರಲ್ಲಿ ಕೊಡಾಕ್ರೋಮ್ ನಿಲ್ಲಿಸಿ, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಒಂದೊಂದು ಸುದ್ದಿ ಬಂದಾಗಲೂ ನೆಂಟರ ಸಾವಿನ ಸುದ್ದಿ ಕೇಳಿದಷ್ಟೇ ಸಂಕಟವಾಯಿತು.

ಈಚೆಗೆ ಪಟ್ಟಣದ ಹುಡುಗ ಹುಡುಗಿಯರು ಮತ್ತೆ ಫಿಲ್ಮು ಹುಡುಕಿಕೊಂಡು ಹೊರಟಿದ್ದಾರೆ. ನನಗದು ನಿಜವಾದ ಸಂತೋಷ. ರೋಲು ದುಬಾರಿಯಾದರೂ ಸಿಗುತ್ತದೆ, ಕ್ಯಾಮೆರಾ ರಿಪೇರಿಯಾಗುತ್ತದೆ, ಡೆವಲಪರ್ ಕಲಸುವುದನ್ನು ಕೇಳಿದವರಿಗೆ ಹೇಳಿಕೊಡಲು ನಾನಿನ್ನೂ ಇದ್ದೇನೆ. ಸಿಗದಿರುವುದು ಎದುರಿಗೆ ಕೂರುವ ಆ ಮುಖ. ಈಗ ಮೂರು ವರ್ಷದ ಮಗುವೂ ಕ್ಯಾಮೆರಾ ಕಂಡೊಡನೆ ತಾನು ಹೇಗೆ ಕಾಣಬೇಕೆಂದು ತೀರ್ಮಾನಿಸಿಕೊಂಡೇ ತಿರುಗುತ್ತದೆ, ಕ್ಲಿಕ್ಕಾದ ಮರುಕ್ಷಣ ತೋರಿಸು ಎಂದು ಕೈ ಚಾಚುತ್ತದೆ. ನನ್ನ ಜಗಲಿಯ ಜನಕ್ಕೆ ಆ ಚಿಂತೆಯೇ ಇರಲಿಲ್ಲ. ಹೇಗಿದ್ದರೋ ಹಾಗೆ ಕೂತರು, ನಂಬಿ ಮುಖ ಕೊಟ್ಟರು. ಅಂಥ ನಂಬಿಕೆಯನ್ನು ಯಾವ ಕಾರ್ಖಾನೆಯೂ ಮತ್ತೆ ತಯಾರಿಸಿ ಕೊಡಲಾರದು.