ಪರರ ನಿಕ್ಷೇಪ

ಪೆಟ್ಟಿಗೆಗೆ ಭದ್ರವಾಗಿ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಗೂಡಿನಲ್ಲಿಯೇ ಇಟ್ಟು ನಿಶ್ಚಿಂತರಾಗಿರುವ ಗೃಹಸ್ಥರನ್ನು ನಾವು ಬಲ್ಲೆವು; ಕಂಡು ನಕ್ಕದ್ದೂ ಉಂಟು. ಅವರ ಸಾಲಿನಲ್ಲಿ ನಾವೂ ನಿಲ್ಲಬೇಕಾದ ಪ್ರಸಂಗವೊಂದು ಕಳೆದ ವರ್ಷ ಒದಗಿತು. ಅದನ್ನು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲದಿಲ್ಲ. ಆದರೆ ಮದುವೆ ಮುಂಜಿಗಳಿಗೆ, ಸಂಘದ ಉತ್ಸವಗಳಿಗೆ ಆಹ್ವಾನಪತ್ರಿಕೆ ಕಳುಹಿಸದ ಮನೆಯೇ ಇಲ್ಲವಾದ್ದರಿಂದ, ನಮ್ಮ ತಪ್ಪು ವಾಚಕರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇವೆ.

ನಮ್ಮಲ್ಲಿ ಓದಿದ ಸುಮಾರು 400 ಮಂದಿ ಶಿಷ್ಯರ ಪಟ್ಟಿಯೊಂದನ್ನು ನಾವು ಎಕ್ಸೆಲ್‌ನಲ್ಲಿ ಬರೆದಿಟ್ಟುಕೊಂಡಿದ್ದೆವು. ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಹುಟ್ಟಿದ ದಿನ—ಇವಿಷ್ಟೂ ಅದರಲ್ಲಿದ್ದುವು. ಕೊನೆಯಲ್ಲಿ ‘ವಿಶೇಷ’ವೆಂಬ ಒಂದು ಕಾಲಂ. ಯಾರ ಮನೆಯಲ್ಲಿ ಏನು ಕಷ್ಟ, ಯಾರ ಪರೀಕ್ಷೆಯ ಫೀಜನ್ನು ಯಾರು ಕಟ್ಟಿದರು ಎಂಬುದನ್ನೆಲ್ಲ ನಮ್ಮ ನೆನಪಿಗಾಗಿ ಅದರಲ್ಲಿ ಗುರುತು ಮಾಡಿದ್ದೆವು. ಇಂಥ ಪಟ್ಟಿ ಕಂಡವರ ಕಣ್ಣಿಗೆ ಬೀಳಬಾರದೆಂದು ಪಾಸ್‌ವರ್ಡ್ ಕೂಡ ಹಾಕಿದ್ದೆವು. ಎಕ್ಸೆಲ್ ಫೈಲನ್ನು ತೆರೆಯುವುದಕ್ಕೇ ಹಾಕುವ ಈ ಬೀಗ ಅಲ್ಪವಾದುದಲ್ಲ. ಬರೆದದ್ದನ್ನೆಲ್ಲ ಗೂಢಲಿಪಿಗೆ ತಿರುಗಿಸಿಬಿಡುತ್ತದೆ. ಷೀಟನ್ನು ತಿದ್ದದಂತೆ ಹಾಕುವ ಇನ್ನೊಂದು ಬೀಗವಿದೆ. ಅದು ರಕ್ಷಣೆಗಾಗಿ ಮಾಡಿದ್ದಲ್ಲವೆಂದು ತಯಾರಕರೇ ಹೇಳಿರುವರು. ನಾವು ಹಾಕಿದ್ದು ಮೊದಲನೆಯದನ್ನೇ. ಬೀಗದಲ್ಲಿ ದೋಷವಿರಲಿಲ್ಲ.

ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಆಹ್ವಾನಪತ್ರಿಕೆ ಮಾಡಿಸುವ ಭಾರ ನಮ್ಮ ಮೇಲೆ ಬಿದ್ದಿತು. ಪಬ್ಲಿಷರ್ ಎಂಬ ತಂತ್ರಾಂಶದಲ್ಲಿ ಒಂದೇ ಪತ್ರಿಕೆಯನ್ನು ರಚಿಸಿ, ಹೆಸರು ವಿಳಾಸಗಳ ಸ್ಥಳವನ್ನು ಬಿಟ್ಟು, ಅದಕ್ಕೆ ಎಕ್ಸೆಲ್‌ನ ಪಟ್ಟಿಯನ್ನು ಜೋಡಿಸಿದರೆ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಪತ್ರಿಕೆ ಸಿದ್ಧವಾಗುತ್ತದೆ. ಇದಕ್ಕೆ ಮೇಲ್ ಮರ್ಜ್ ಎಂದು ಹೆಸರು. ಮುದ್ರಣಾಲಯದಲ್ಲಿ ಕುಳಿತು ಜೋಡಿಸಲು ಹೋದರೆ ಪಬ್ಲಿಷರ್ ನಮ್ಮ ಪಟ್ಟಿಯನ್ನು ಓದಲಾರದೆ ಹೋಯಿತು. ಅಲ್ಲಿ ಕೆಲಸಕ್ಕಿದ್ದ ಹುಡುಗ, “ಪಾಸ್‌ವರ್ಡ್ ತೆಗೆದುಬಿಡಿ ಸಾರ್, ಎರಡು ನಿಮಿಷದ ಕೆಲಸ” ಎಂದನು. ತೆಗೆದೆವು. ಪತ್ರಿಕೆಗಳು ಸೊಗಸಾಗಿ ಅಚ್ಚಾದುವು. ಬೀಗವಿಲ್ಲದ ಪಟ್ಟಿ ಅಲ್ಲಿಯ ಕಂಪ್ಯೂಟರಿನಲ್ಲಿಯೇ ಉಳಿದದ್ದು ನಮ್ಮ ಗಮನಕ್ಕೆ ಬರಲಿಲ್ಲ.

ಸಮ್ಮೇಳನ ಮುಗಿದ ಹದಿನೈದು ದಿನಗಳ ಮೇಲೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದನು. ಈಗ ಸ್ವಂತ ಅಂಗಡಿಯಿಟ್ಟು ಗೌರವದಿಂದ ಬಾಳುತ್ತಿರುವವನು. ನಮಸ್ಕರಿಸಿ ಕುಳಿತು, ಬಹಳ ಹೊತ್ತು ಬೇರೆ ಮಾತನಾಡಿ, ಕೊನೆಗೆ ಹೇಳಿದನು: “ಮೇಷ್ಟ್ರೇ, ಅಂದು ತಾವು ನನ್ನ ಪರೀಕ್ಷೆಯ ಫೀಜು ಕಟ್ಟಿದ್ದನ್ನು ನಾನು ಮರೆತಿಲ್ಲ. ನಮ್ಮ ತಾಯಿ ಮನೆಮನೆಯ ಪಾತ್ರೆ ಬೆಳಗಿ ನನ್ನನ್ನು ಸಾಕಿದ್ದನ್ನೂ ಮರೆತಿಲ್ಲ. ಆದರೆ ಇದನ್ನು ನನ್ನ ಮಕ್ಕಳಿಗೆ ನಾನೇ ಹೇಳಬೇಕೆಂದಿದ್ದೆ. ಪ್ರೆಸ್ಸಿನ ಹುಡುಗ ನಮ್ಮ ದೂರದ ನೆಂಟ. ಪಟ್ಟಿಯಲ್ಲಿ ಓದಿದನಂತೆ.”

ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. “ತಪ್ಪಾಯಿತಪ್ಪ” ಎಂದೆವು; ಮತ್ತೇನು ಹೇಳುವುದಕ್ಕೂ ತೋಚಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು ಯಾಜ್ಞವಲ್ಕ್ಯಸ್ಮೃತಿಯ ಉಪನಿಧಿ ಪ್ರಕರಣ. ಒಳಗೇನಿದೆಯೆಂದು ಹೇಳದೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತುವನ್ನು ಇದ್ದಂತೆಯೇ ಹಿಂದಿರುಗಿಸಬೇಕೆಂಬುದು ಅಲ್ಲಿಯ ವಿಧಿ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದವನು. ಈ ಗ್ರಂಥವನ್ನು ಓದಿಯೂ, ಪರರ ನಿಕ್ಷೇಪವೆಂದರೆ ಚಿನ್ನ ಬೆಳ್ಳಿಯೆಂದೇ ನಾವು ತಿಳಿದಿದ್ದೆವು. ಒಬ್ಬನ ಬಡತನದ ಕಥೆಯೂ ನಿಕ್ಷೇಪವೇ ಎಂಬುದು ಹೊಳೆದಿರಲಿಲ್ಲ.

ಈ ಕಾಲದ ನ್ಯಾಯವೂ ಅದನ್ನೇ ಹೇಳುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವೂ ಬಂದಿದೆ. ಮನೆಯ ಸ್ವಂತ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ಪರರ ವಿವರಗಳನ್ನು ಇಟ್ಟುಕೊಂಡ ಸಂಸ್ಥೆಗಳು ಅವನ್ನು ಕಾಪಾಡಬೇಕೆಂದೂ, ಉದ್ದೇಶ ಮುಗಿದ ಮೇಲೆ ಅಳಿಸಬೇಕೆಂದೂ ಅದು ವಿಧಿಸುತ್ತದೆ. ಶಿಷ್ಯನು ನಮ್ಮಲ್ಲಿಗೆ ಬಂದದ್ದು ಕಾನೂನಿನ ಪುಸ್ತಕ ಹಿಡಿದುಕೊಂಡಲ್ಲ. ಆದ್ದರಿಂದ ಈ ಮಾತನ್ನು ಬೆಳೆಸುವುದಿಲ್ಲ.

ಈಗ ನಾವು ಅನುಸರಿಸುತ್ತಿರುವ ಕ್ರಮವನ್ನು ಹೇಳುವೆವು. ಮೊದಲು, ಹೊಸದೊಂದು ಎಕ್ಸೆಲ್ ಫೈಲನ್ನು ಮಾಡಿ, ಅದಕ್ಕೆ ಹೆಸರು ವಿಳಾಸಗಳನ್ನು ಮಾತ್ರ ನಕಲು ಮಾಡುವುದು. ಮೂಲಪಟ್ಟಿಯಲ್ಲಿ ಬೇಡದ ಕಾಲಂಗಳನ್ನು ಮರೆಮಾಡಿದರೆ ಸಾಲದು. ಮರೆಯಾದ ಕಾಲಂ ನಮ್ಮ ಕಣ್ಣಿಗೆ ಮಾತ್ರ ಮರೆ, ಮೇಲ್ ಮರ್ಜ್‌ಗೆ ಅದು ಕಾಣುತ್ತಲೇ ಇರುತ್ತದೆ. ಎರಡನೆಯದಾಗಿ, ಆ ಚಿಕ್ಕ ಪಟ್ಟಿಗೂ ಪಾಸ್‌ವರ್ಡ್ ಹಾಕಿ, ಮನೆಯ ಕಂಪ್ಯೂಟರಿನಲ್ಲಿಯೇ ಜೋಡಿಸುವುದು. ಬೀಗವನ್ನು ತೆಗೆದುಹಾಕಬೇಕಾದುದಿಲ್ಲ. ಪಾಸ್‌ವರ್ಡ್ ಕೊಟ್ಟು ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟುಕೊಂಡು ಆಮೇಲೆ ಪಬ್ಲಿಷರ್‌ನಿಂದ ಜೋಡಿಸಿದರೆ ಕೆಲಸವಾಗುತ್ತದೆ. ಇಷ್ಟು ತಾಳ್ಮೆ ಅಂದು ಇದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಮೂರನೆಯದಾಗಿ, ಎಕ್ಸೆಲ್‌ನ ಬೀಗ ಜೋಡಿಸಿ ಸಿದ್ಧವಾದ ಪತ್ರಿಕೆಗಳನ್ನು ಹಿಂಬಾಲಿಸಿ ಹೋಗುವುದಿಲ್ಲ. ಆದ್ದರಿಂದ ಹೆಸರಿಲ್ಲದ ಪತ್ರಿಕೆಗಳನ್ನು ಮಾತ್ರ ಮುದ್ರಣಾಲಯದಲ್ಲಿ ಅಚ್ಚುಮಾಡಿಸಿ, ವಿಳಾಸದ ಚೀಟಿಗಳನ್ನು ಮನೆಯಲ್ಲಿಯೇ ತೆಗೆದು ಅಂಟಿಸುವುದು ಉತ್ತಮ. ಕೆಲಸ ಮುಗಿದೊಡನೆ ನಕಲುಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಪೆನ್ ಡ್ರೈವನ್ನೂ ಬರಿದು ಮಾಡಬೇಕು.

2026ರ ಅಕ್ಟೋಬರಿನಿಂದಾಚೆಗೆ ಪಬ್ಲಿಷರ್‌ಗೆ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯವರು ಪ್ರಕಟಿಸಿರುವರು. ವರ್ಡ್‌ನಲ್ಲಿ ಮೇಲ್ ಮರ್ಜ್ ಮಾಡುವವರಿಗೂ ಈ ಎಚ್ಚರಿಕೆಗಳೇ ಸಾಕು. ಸಾಧನಗಳು ಬದಲಾಗುವುವು, ಬೇಡದ್ದನ್ನು ಕೂಡಿಡುವ ನಮ್ಮ ಚಾಪಲ್ಯ ಬದಲಾಗಬೇಕಾದುದು ಮುಖ್ಯ. ಅಪರಿಗ್ರಹವೆಂದು ತರಗತಿಯಲ್ಲಿ ಎಷ್ಟು ಸಲ ಅರ್ಥ ಹೇಳಿದೆವೋ!

ಮುದ್ರಣಾಲಯಕ್ಕೆ ಹೋಗಿ ಆ ಫೈಲನ್ನು ನಮ್ಮ ಕಣ್ಣೆದುರಿಗೇ ಅಳಿಸಿದೆವು. ಮನೆಗೆ ಬಂದು ಮೂಲಪಟ್ಟಿಯನ್ನು ತೆರೆದು ‘ವಿಶೇಷ’ ಕಾಲಂ ಅನ್ನು ಮೇಲಿನಿಂದ ಕೊನೆಯವರೆಗೆ ಒಮ್ಮೆ ಓದಿದೆವು. ಅದರಲ್ಲಿದ್ದ ಒಂದು ಸಂಗತಿಯೂ ನಮಗೆ ಮರೆತಿರಲಿಲ್ಲ. ಹಾಗಿದ್ದ ಮೇಲೆ ಬರೆದಿಟ್ಟದ್ದು ಏತಕ್ಕೆ? ಆ ಕಾಲಂ ಅನ್ನೂ ಅಳಿಸಿಬಿಟ್ಟೆವು.