ಊಟಿಗೆ ಹೋಗ್ತೀರಾ? ಸ್ಟೀಲ್ ಬಾಟಲಿ ಜೊತೆಗಿರಲಿ

ಬಂಡೀಪುರ ಕಾಡು ದಾಟಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ಬಂತು ಅಂದ್ರೆ ನೀಲಗಿರಿ ಜಿಲ್ಲೆ ಶುರು. ಅಲ್ಲಿ ಇ-ಪಾಸ್ ಜೊತೆಗೆ ಪ್ಲಾಸ್ಟಿಕ್ ತಪಾಸಣೆಯೂ ಇದೆ. ಗೆಳೆಯ ಗುಂಡ್ಲುಪೇಟೆಯಲ್ಲಿ ಕೊಂಡಿದ್ದ ಆರು ನೀರಿನ ಬಾಟಲಿ ಅಲ್ಲೇ ಉಳಿದವು. ಅವನಿಗೆ ಸಿಟ್ಟು, ನನಗೆ ಕುತೂಹಲ.

ಈ ಹಟ ನಿನ್ನೆ ಮೊನ್ನೆಯದಲ್ಲ. 2000ದ ಸುಮಾರಿಗೆ ಜಿಲ್ಲಾಧಿಕಾರಿಯಾಗಿದ್ದ ಸುಪ್ರಿಯಾ ಸಾಹು 'ಆಪರೇಷನ್ ಬ್ಲೂ ಮೌಂಟನ್' ಅಂತ ಪ್ಲಾಸ್ಟಿಕ್ ವಿರುದ್ಧ ಅಭಿಯಾನ ಶುರು ಮಾಡಿದ್ರು. ಆಮೇಲೆ ಸಣ್ಣ ನೀರಿನ ಬಾಟಲಿಗಳ ಮೇಲೂ ನಿಷೇಧ ಬಂತು. ಬರೀ ನಿಷೇಧ ಆಗಿದ್ರೆ ಜನ ಸೀಟಿನ ಕೆಳಗೆ ಬಚ್ಚಿಟ್ಟು ತರ್ತಿದ್ರು (ಈಗಲೂ ತರ್ತಾರೆ ಬಿಡಿ). ಆದರೆ ಇಲ್ಲಿ ರಸ್ತೆ ಬದಿಯಲ್ಲಿ ವಾಟರ್ ಎಟಿಎಂ ಇಟ್ಟಿದ್ದಾರೆ. ನಾಣ್ಯ ಹಾಕಿ, ಬಾಟಲಿ ಹಿಡಿದರೆ ಶುದ್ಧ ನೀರು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಫೀಚರ್ ತೆಗೆಯೋ ಹೊತ್ತಿಗೆ ಬದಲಿ ರೆಡಿ ಇರಬೇಕು. ಹಾಗಂತ ಎಲ್ಲವೂ ಸುಸೂತ್ರ ಅಲ್ಲ. ನಾವು ನಿಂತ ಮೊದಲ ಯಂತ್ರ ಕೆಟ್ಟಿತ್ತು, ಮುಂದಿನದ್ದಕ್ಕೆ ಹೋಗಬೇಕಾಯ್ತು.

ನನಗೆ ಹೆಚ್ಚು ಹಿಡಿಸಿದ್ದು ಗಾಜಿನ ಬಾಟಲಿಯ ಲೆಕ್ಕ. ಕುಡಿದವರು ಕಾಡಂಚಿನಲ್ಲಿ ಬಾಟಲಿ ಎಸೀತಾರೆ, ಒಡೆದ ಚೂರು ಆನೆ ಕಾಲಿಗೆ ಚುಚ್ಚುತ್ತೆ. ವಿಷಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. 2022ರಲ್ಲಿ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದಾಗ ವಾಪಸ್ ಕೊಡೋ ಪದ್ಧತಿ ಬಂತು. ಹೊಸ ಐಡಿಯಾ ಏನಲ್ಲ. ಗೋಲಿ ಸೋಡಾ ಕುಡಿದು ಬಾಟಲಿಯನ್ನು ಅಂಗಡಿಯಲ್ಲೇ ಇಟ್ಟು ಬರ್ತಿದ್ದ ಕಾಲ ನಮ್ಮಪ್ಪನಿಗೆ ಚೆನ್ನಾಗಿ ನೆನಪಿದೆ. ಠೇವಣಿ ಕಟ್ಟದೆ ಬಾಟಲಿ ಮನೆಗೆ ಕೊಡ್ತಿರಲಿಲ್ಲವಂತೆ!

ಸಂಜೆ ರಸ್ತೆ ಬದಿಯಲ್ಲಿ ಒಬ್ಬ ಹಿರಿಯರು ಗೋಣಿಚೀಲ ಹಿಡಿದು ಬಾಟಲಿ ಆರಿಸ್ತಿದ್ರು. ಬಡಗ ಭಾಷೆಯವರು. ಅವರ ಮಾತು ಅರ್ಧ ನಮ್ಮ ಕನ್ನಡದಂತೆಯೇ ಕಿವಿಗೆ ಬೀಳ್ತಿತ್ತು. ಚೀಲದಲ್ಲಿ ಹನ್ನೊಂದು ಬಾಟಲಿ, ಅಂದ್ರೆ 110 ರೂಪಾಯಿ. ಪಕ್ಕದಲ್ಲೇ ಬಿದ್ದಿದ್ದ ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆಗಳನ್ನು ಮುಟ್ಟಲಿಲ್ಲ. "ಅದನ್ನು ಯಾರು ತಗೋತಾರೆ?" ಅಂದ್ರು.

ನೀವು ಹೋಗೋದಾದ್ರೆ ತಲೆಗೊಂದು ಸ್ಟೀಲ್ ಬಾಟಲಿ, ಡಬ್ಬಿಯಲ್ಲಿ ತಿಂಡಿ, ಜೇಬಲ್ಲಿ ಚಿಲ್ಲರೆ ಇರಲಿ. ವಾಪಸ್ ಬರುವಾಗ ರಾತ್ರಿ 9ರ ಒಳಗೆ ಬಂಡೀಪುರ ದಾಟಬೇಕು, ಆಮೇಲೆ ಗೇಟ್ ಹಾಕ್ತಾರೆ.