ಓದಿದವನ ಸಿಟ್ಟು

ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳನ್ನು ತರಗತಿಯಲ್ಲಿ ಚರ್ಚಿಸುವಾಗ ಅನ್ಯಾಯದ ಬಗೆಗೆ ಮಾತು ಸರಾಗವಾಗಿ ಹೊರಡುತ್ತದೆ. ಸಿಟ್ಟಿನ ಪ್ರಸ್ತಾಪ ಬಂದೊಡನೆ ಮಾತ್ರ ಅದು ಶಿಸ್ತಿನತ್ತ ಹೊರಳುತ್ತದೆ. ಆಫ್ರಿಕನ್ ಅಮೆರಿಕನ್ ಲೇಖಕಿ ಮಿಲ್ಡ್ರೆಡ್ ಡಿ. ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' (1976) ಕಾದಂಬರಿಯ ಮೊದಲ ಅಧ್ಯಾಯದಲ್ಲಿಯೇ ಈ ಹೊರಳುವಿಕೆ ಇದೆ.

1933ರ ಮಿಸಿಸಿಪಿ. ಕಪ್ಪು ಮಕ್ಕಳ ಶಾಲೆಗೆ ಬಿಳಿಯರ ಶಾಲೆ ಬಳಸಿ ಬಿಟ್ಟ ಪುಸ್ತಕಗಳು ಬಂದಿವೆ. ಆರು ವರ್ಷದ ಲಿಟಲ್ ಮ್ಯಾನ್ ತನ್ನದು ಕೊಳಕಾಗಿದೆಯೆಂದು ಬೇರೊಂದನ್ನು ಕೇಳಿ, ಬೈಸಿಕೊಂಡು, ಅದನ್ನೇ ಹಿಡಿದು ಕೂರುತ್ತಾನೆ. ಆಮೇಲೆ ರಟ್ಟಿನ ಒಳಬದಿಯ ಕೋಷ್ಟಕ ಅವನ ಕಣ್ಣಿಗೆ ಬೀಳುತ್ತದೆ: ಪುಸ್ತಕ ಕೊಟ್ಟ ದಿನಾಂಕ, ಅದರ ಸ್ಥಿತಿ, ವಿದ್ಯಾರ್ಥಿಯ ಜನಾಂಗ. 1922ರಿಂದ ಹನ್ನೊಂದು ಸಲ ಬಿಳಿಯ ಮಕ್ಕಳ ಕೈದಾಟಿ ತೀರಾ ಹಾಳಾದ ಮೇಲೆ, ಹನ್ನೆರಡನೆಯ ಸಾಲಿನಲ್ಲಿ, ಒಂದು ಹೀನಾಯದ ಪದದೊಂದಿಗೆ ಅವನ ಸರದಿ. ಹುಡುಗ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ.

ಕೊಳಕನ್ನು ಸಹಿಸಿದವನು ಬರಹವನ್ನು ಸಹಿಸಲಿಲ್ಲ. ಇಲ್ಲಿ ಸಿಟ್ಟು ಅಕ್ಷರ ಬಲ್ಲವನ ಸಿಟ್ಟು; ಓದದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. 'ಪ್ರತ್ಯೇಕವಾದರೂ ಸಮಾನ' ಎಂಬ ವ್ಯವಸ್ಥೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ಎತ್ತಿಹಿಡಿದಿತ್ತು. ಶಾಲೆಗಳ ಮಟ್ಟಿಗೆ ಅದನ್ನು ತಳ್ಳಿಹಾಕಿದ್ದು 1954ರಲ್ಲಿ. ಅದರೊಳಗಿನ ಸುಳ್ಳು ಈ ಮಗುವಿಗೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಅಧ್ಯಾಪಕಿ ಮಿಸ್ ಕ್ರಾಕರ್ ಅವಳಿಗೆ ತಿಳಿಯುವುದಿಲ್ಲ. ಅವಳೂ ಕಪ್ಪು ಹೆಂಗಸೇ. ತಮ್ಮ ಓದಬಲ್ಲ, ಆ ಸಾಲನ್ನು ನೋಡಿ ಎಂದು ಅಕ್ಕ ಕ್ಯಾಸಿ ಅಂಗಲಾಚಿದರೂ ಅಲ್ಲಿ ಸಿಟ್ಟಾಗುವಂಥದೇನೂ ಅವಳಿಗೆ ಕಾಣುವುದಿಲ್ಲ. ಇಬ್ಬರಿಗೂ ಪೆಟ್ಟು ಬೀಳುತ್ತದೆ.

ತುಳಿದದ್ದು ಸರಿಯೇ ಎಂದು ವಿದ್ಯಾರ್ಥಿಗಳನ್ನು ಕೇಳುವ ಅಧ್ಯಾಪಕರು ತಿಳಿಯದೆಯೇ ಕ್ರಾಕರ್ ಅವಳ ಸ್ಥಾನದಲ್ಲಿ ನಿಲ್ಲುತ್ತಾರೆ. ಕೇಳಬೇಕಾದದ್ದು ಆ ಕೋಷ್ಟಕದ ಬಗೆಗೆ: ಪುಸ್ತಕದ ಸ್ಥಿತಿಯ ಪಕ್ಕದಲ್ಲಿ ಓದುವವರ ಜನಾಂಗವನ್ನು ಬರೆದಿಡುವ ಅಗತ್ಯ ಯಾರಿಗಿತ್ತು? (ದಲಿತ-ಬಂಡಾಯ ಬರವಣಿಗೆಯ ಸಿಟ್ಟನ್ನು 'ಘೋಷಣೆ' ಎಂದು ಬದಿಗಿರಿಸಿದ ಕನ್ನಡ ವಿಮರ್ಶೆಗೂ ಇಂಥ ಪ್ರಶ್ನೆ ಹೊರತಲ್ಲ. ಮರುಕಕ್ಕೆ ಅಲ್ಲಿ ಸುಲಭವಾಗಿ ಜಾಗ ಸಿಕ್ಕಿದೆ.)

ಕಾದಂಬರಿಯಲ್ಲಿ ಆ ಸಾಲನ್ನು ಓದಿದ ಇನ್ನೊಬ್ಬ ಅಧ್ಯಾಪಕಿಯಿದ್ದಾಳೆ, ಮಕ್ಕಳ ತಾಯಿ ಮೇರಿ ಲೋಗನ್. ಅವಳು ಮಕ್ಕಳಿಗೆ ಉಪದೇಶ ಮಾಡುವುದಿಲ್ಲ. ಕಾಗದ ಕತ್ತರಿಸಿ ಕೋಷ್ಟಕದ ಮೇಲೆ ಅಂಟಿಸುತ್ತಾಳೆ. ಮುಂದೆ, ಪಠ್ಯದಲ್ಲಿಲ್ಲದ ಗುಲಾಮಗಿರಿಯ ಚರಿತ್ರೆಯನ್ನು ಪಾಠ ಮಾಡಿದ ದಿನ, ಅವಳ ಕೆಲಸ ಹೋಗುತ್ತದೆ.